ಅಟ್ಟದ ಗಾಜು, ಹಿತ್ತಲ ಸೊಪ್ಪು

ತೀರ್ಥಹಳ್ಳಿ ಕಡೆಯ ಅಜ್ಜಿ ಮನೆಯ ಅಟ್ಟ ಖಾಲಿ ಮಾಡಿದಾಗ ನನ್ನ ಪಾಲಿಗೆ ಬಂದದ್ದು ಒಂದು ಬುಟ್ಟಿ ಗಾಜು. ಮೂರು ಗೋಲಿಸೋಡಾ ಬಾಟ್ಲಿ, ಎರಡು ಲಾಟೀನಿನ ಚಿಮಣಿ, ಒಂದು ದಪ್ಪ ಜಾಡಿ, ತಿಳಿ ಹಸಿರಿನ ಆರು ಪಾನಕದ ಲೋಟ. ಇವುಗಳಲ್ಲಿ ಹಿತ್ತಲಿನ ಸೊಪ್ಪು, ಹೂ ಇಟ್ಟು ಊಟದ ಟೇಬಲ್ ಅಲಂಕರಿಸೋಣ ಅಂದುಕೊಂಡೆ.

ಜಾಡಿ ಮೊದಲ ದಿನವೇ ಹೋಯಿತು. ಜಿಡ್ಡು ಬಿಡಲಿ ಅಂತ ಕುದಿಯುವ ನೀರು ಸುರಿದೆ. ಟಿಕ್ ಅಂತ ಸಣ್ಣ ಸದ್ದು, ಎತ್ತಿದರೆ ಬುಡ ಸಿಂಕಿನಲ್ಲೇ ಉಳಿದಿತ್ತು. ದಪ್ಪ ಗಾಜು ಗಟ್ಟಿ ಅಂದುಕೊಂಡಿದ್ದೆ. ಬಿಸಿ ತಾಗಿದರೆ ಅದೇ ಬೇಗ ಸೀಳುವುದು: ಒಳಮೈ ಹಿಗ್ಗಿಬಿಡುತ್ತದೆ, ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಉಳಿದದ್ದನ್ನೆಲ್ಲ ಉಗುರುಬೆಚ್ಚಗಿನ ಸೋಪು ನೀರಿಗೆ ಒಂದು ಹಿಡಿ ಅಕ್ಕಿ ಹಾಕಿ ಕುಲುಕಿ ತೊಳೆದೆ. ಗೋಲಿ ಬಾಟ್ಲಿಗೆ ಮಾತ್ರ ಅಕ್ಕಿ ಹಾಕಬೇಡಿ. ಗೋಲಿ ಪಕ್ಕ ಸಿಕ್ಕಿಕೊಂಡ ಕಾಳು ತೆಗೆಯಲು ಪೊರಕೆ ಕಡ್ಡಿ ಹಿಡಿದು ಅರ್ಧ ಗಂಟೆ ಕೂತಿದ್ದೆ.

ಈ ಬಾಟ್ಲಿಗೆ ಹೈರಮ್ ಕಾಡ್ ಎಂಬ ಇಂಗ್ಲಿಷಿನವನು 1872ರಲ್ಲಿ ಪೇಟೆಂಟ್ ಪಡೆದದ್ದು. ಸೋಡಾದ ಗ್ಯಾಸೇ ಗೋಲಿಯನ್ನು ಮೇಲಕ್ಕೊತ್ತಿ ಬಾಯಿ ಮುಚ್ಚುತ್ತಿತ್ತು. ಈಗ ಗ್ಯಾಸಿಲ್ಲ, ಗೋಲಿ ಕತ್ತಿನಲ್ಲಿ ಸುಮ್ನೆ ಕೂತಿರುತ್ತದೆ. ದಂಟು ತೂರುವಷ್ಟು ಜಾಗವಿಲ್ಲ. ಹಿತ್ತಲಿನ ಮಜ್ಜಿಗೆ ಹುಲ್ಲಿನ ಎಸಳು ಮಾತ್ರ ಹಿಡಿಯಿತು, ಬಾಟ್ಲಿಗೆ ಮೂರರಂತೆ. ಟೇಬಲ್ ಅಲ್ಲಾಡಿದಾಗೆಲ್ಲ ಗೋಲಿ ಸಣ್ಣಗೆ ಕಿಣಿ ಅನ್ನುತ್ತದೆ. ನನಗೆ ಇಡೀ ಅಲಂಕಾರದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ.

ಚಿಮಣಿಗೆ ಬುಡವಿಲ್ಲವಲ್ಲ, ಪುಟ್ಟ ಸ್ಟೀಲ್ ಬಟ್ಟಲಲ್ಲಿ ಶಂಖಪುಷ್ಪ ಇಟ್ಟು ಮೇಲೆ ಕವುಚಿದೆ. ಲೋಟಗಳಿಗೆ ದೊಡ್ಡಪತ್ರೆ, ಪುದೀನ. ನೀರಲ್ಲಿ ಮುಳುಗುವ ಎಲೆಗಳನ್ನು ಮೊದಲೇ ಕಿತ್ತುಬಿಡಬೇಕು, ಇಲ್ಲದಿದ್ದರೆ ಎರಡೇ ದಿನಕ್ಕೆ ನಾತ. ತುಳಸಿ ತಂದಾಗ ಅತ್ತೆ ತಡೆದರು: "ಎಂಜಲು ಬೀಳೋ ಜಾಗದಲ್ಲಿ ತುಳಸಿ ಇಡ್ತೀಯೇನೇ?" ಬದಲಿಗೆ ಕಾಮಕಸ್ತೂರಿ ಬಂತು. ಪರಿಮಳಕ್ಕೆ ಅದೇ ಮೇಲು, ಬಿಡಿ.

ನನ್ನದೊಂದೇ ಕಟ್ಟುನಿಟ್ಟು. ತಿನ್ನಲಾಗದ್ದು ಟೇಬಲ್ಲಿಗೆ ಬರಬಾರದು, ಯಾಕಂದರೆ ಜನ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಹಿತ್ತಲ ತುಂಬ ಕಣಗಿಲೆ ಅರಳಿತ್ತು, ಆದರೆ ಅದು ವಿಷ. ಔಷಧಿ ಹೊಡೆದ ಪೇಟೆ ಹೂವೂ ಬೇಡ. ಆ ಲೋಟಗಳಲ್ಲಿ ಪಾನಕವನ್ನೂ ಕೊಡುವುದಿಲ್ಲ. ಹಳೇ ಗಾಜಿನಲ್ಲಿ ಸೀಸ ಇದ್ದರೆ ನಿಂಬೆಹುಳಿಗೆ ಅದು ಬಿಡುತ್ತದೆ. ನೀರಲ್ಲಿ ನಿಂತ ದಂಟು ಗೊಬ್ಬರಕ್ಕೆ, ಮೇಲಿನ ಎಲೆ ನಮಗೆ.

ಎಲ್ಲರೂ ಊಟಕ್ಕೆ ಕೂತ ದಿನ ನಾದಿನಿಯ ಮಗ ಶಂಖಪುಷ್ಪಗಳನ್ನು ಬಿಸಿನೀರಿಗೆ ಹಾಕಿ, ನೀಲಿ ಬಂದ ಮೇಲೆ ನಿಂಬೆ ಹಿಂಡಿದ. ನೀಲಿ ಹೋಗಿ ನೇರಳೆಯಾಯಿತು. ಆಮೇಲೆ ಎಲ್ಲರಿಗೂ ಒಂದೊಂದು ಹೂ ಬೇಕು! ಮೊಸರನ್ನಕ್ಕೆ ಬರುವಷ್ಟರಲ್ಲಿ ಎರಡೂ ಚಿಮಣಿ ಖಾಲಿ, ಪುದೀನದ ಲೋಟ ಬೋಳು. ದೊಡ್ಡಪತ್ರೆ ಮರುದಿನ ತಂಬುಳಿಯಾಯಿತು. ಉಳಿಸಿದ್ದ ಒಂದು ಕಡ್ಡಿ ವಾರ ಕಳೆದು ಬೇರು ಬಿಟ್ಟಾಗ ಅತ್ತೆ ತಮ್ಮ ಕುಂಡಕ್ಕೆ ಅಂತ ಒಯ್ದರು, ಲೋಟದ ಸಮೇತ.