ಅರ್ಧ ಕೊಡ ನೀರು

ನಾನು ಮಾಡಿದ ಮೊದಲ ಗೇಮ್‌ನಲ್ಲಿ ಒಂದೂ ಮಾತಿಲ್ಲ. ಅಕ್ಕ, ತಂಗಿ ದಿನವೂ ಕೆರೆಗೆ ಹೋಗಿ ನೀರು ತರುತ್ತಾರೆ. ಕೊಡ ತುಂಬಿದ ಮೇಲೆ ತಂಗಿ ಕೈಹಚ್ಚಿ ಅಕ್ಕನ ತಲೆಯ ಸಿಂಬಿಗೆ ಏರಿಸುತ್ತಾಳೆ. ನಡುವೆ ಒಂದು ದಿನ ತಂಗಿ ಮದುವೆಯಾಗಿ ಹೊರಟುಹೋಗುತ್ತಾಳೆ. ಅದನ್ನು ಹೇಳುವುದು ಹೇಗೆ?

ವರ್ಷಗಟ್ಟಲೆ ಚಿತ್ರಕಥೆ ಬರೆದ ಕೈ ನನ್ನದು. ಖಾಲಿ ಅಂಗಳ, ಅಕ್ಕನ ಮುಖ, ಕಣ್ಣೀರು ಎಂದು ನಲವತ್ತು ಸೆಕೆಂಡಿನ ದೃಶ್ಯ ಜೋಡಿಸಿದೆ. ಆಡಲು ಕೊಟ್ಟಾಗ ನನ್ನ ಅಕ್ಕನ ಮಗಳು ಮೊಬೈಲನ್ನು ಮಡಿಲಲ್ಲಿಟ್ಟು, ಅದು ಮುಗಿಯುವುದನ್ನೇ ಕಾದಳು. ‘ಪುಷ್ಪಕ ವಿಮಾನ’ದಂಥ (1987) ಮಾತಿಲ್ಲದ ಸಿನಿಮಾದಲ್ಲಿ ಕ್ಯಾಮೆರಾ ತೋರಿಸಿದ ಕಡೆ ನೋಡಲೆಂದೇ ಕೂತಿರುತ್ತೇವೆ. ಇಲ್ಲಿ ನಾನು, ದುಡಿಯುತ್ತಿದ್ದ ಕೈಗಳನ್ನು ಕಟ್ಟಿಹಾಕಿದ್ದೆ.

ತರೀಕೆರೆ ಬಳಿಯ ಅಮೃತಾಪುರದ ಹೊಯ್ಸಳ ದೇಗುಲ (1196) ನೆನಪಾಯಿತು. ಅಲ್ಲಿ ದಕ್ಷಿಣದ ಗೋಡೆಯ ಮೇಲೆ 70 ಫಲಕಗಳಲ್ಲಿ ರಾಮಾಯಣವಿದೆ, ಅದೂ ಅಪ್ರದಕ್ಷಿಣೆಯಾಗಿ. ರೂಢಿಯಂತೆ ಪ್ರದಕ್ಷಿಣೆ ಹೊರಟರೆ ಕಥೆ ಕೊನೆಯಿಂದ ಮೊದಲಿಗೆ ಬರುತ್ತದೆ. ನಾನು ಹೊರಳಿ ನಡೆದಿದ್ದೆ. ಕಥೆ ಕಾಲಿಗೆ ಸಿಕ್ಕಿತ್ತು. ಆದರೆ ನಾನು ಹೇಗೆ ನಡೆದರೂ ಕಲ್ಲು ಬದಲಾಗುವುದಿಲ್ಲ. ಗೇಮ್‌ನಲ್ಲಿ ಬದಲಾಗುತ್ತದೆ. ‘ಬ್ರದರ್ಸ್’ (2013) ಗೇಮ್‌ನಲ್ಲಿ ಎಡಗೈಗೆ ಅಣ್ಣ, ಬಲಗೈಗೆ ತಮ್ಮ. ಅವರು ಆಡುವುದು ಯಾರಿಗೂ ತಿಳಿಯದ ಕಲ್ಪಿತ ಭಾಷೆ. ಅಣ್ಣ ಸತ್ತ ಮೇಲೆ ನೀರಿಗೆ ಹೆದರುವ ತಮ್ಮ ಈಜಬೇಕೆಂದರೆ ನಾವು ಅಣ್ಣನ ಕಡೆಯ ಗುಂಡಿಯನ್ನೇ ಒತ್ತಬೇಕು. ಆ ಗಳಿಗೆಯಲ್ಲಿ ನನ್ನ ಎಡಗೈ ಅತ್ತಂತಾಗಿತ್ತು. ಯಾವ ಚಿತ್ರವೂ ನನ್ನ ಬೆರಳಿಗೆ ಹಾಗೆ ಮಾಡಿರಲಿಲ್ಲ.

ನಲವತ್ತು ಸೆಕೆಂಡನ್ನೂ ಅಳಿಸಿದೆ. ಈಗ ಒಂದು ಬೆಳಿಗ್ಗೆ ತಂಗಿ ಇಲ್ಲ, ಅಷ್ಟೇ. ಗುಂಡಿ ಒತ್ತಿದರೆ ತುಂಬಿದ ಕೊಡ ಸೊಂಟದವರೆಗೆ ಬಂದು ಜಾರಿ ಕೆಳಗಿಳಿಯುತ್ತದೆ. ಬಾಣದ ಗುರುತಿಲ್ಲ, ಸುಳಿವಿಲ್ಲ. ಕೊಡ ಬಾಗಿಸುವುದನ್ನು ಮಾತ್ರ ಮೊದಲೇ, ತುಳಸಿಗೆ ನೀರು ಹಾಕುವಾಗ, ಕಲಿಸಿಟ್ಟಿದ್ದೆ.

ಹುಡುಗಿ ಮತ್ತೆ ಆಡಿದಳು. ಐದು ಸಲ ಎತ್ತಲು ನೋಡಿದಳು. ಅಕ್ಕನನ್ನು ಊರಿನ ದಾರಿಯತ್ತ ತಿರುಗಿಸಿ ಸುಮ್ಮನೆ ನಿಲ್ಲಿಸಿದಳು. ಹೇಳಿಬಿಡಬೇಕೆಂಬ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡೆ. ಕೊನೆಗೆ ಅವಳೇ ಕೊಡ ಬಾಗಿಸಿ ಅರ್ಧ ನೀರು ಚೆಲ್ಲಿ, ಒಬ್ಬಳೇ ಎತ್ತಿಕೊಂಡಳು. ಅರ್ಧ ಕೊಡದಿಂದ ನೀರು ಹೊರಚೆಲ್ಲುವ ಭಯವಿಲ್ಲ, ಓಡಬಹುದಿತ್ತು. ಅವಳು ಮೆಲ್ಲಗೇ ನಡೆದಳು.

“ಚಿಕ್ಕಮ್ಮ, ಅವಳು ಇನ್ನು ಬರುವುದಿಲ್ಲ, ಅಲ್ಲವೇ?”

ಆ ರಾತ್ರಿ ದೃಶ್ಯದ ಸಂಗೀತವನ್ನೂ ತೆಗೆದೆ. ಈಗ ಅಲ್ಲಿ ನೀರು ಮಣ್ಣಿಗೆ ಬೀಳುವ ಸದ್ದಷ್ಟೇ ಇದೆ.