ಖಾಸಗಿ ಬಸ್ಸು ಕೈಕೊಟ್ಟರೆ ದೂರು ಕೊಡುವ ಬಗೆ

ರಾಯಚೂರಿನಿಂದ ಬೆಂಗಳೂರಿಗೆ ರಾತ್ರಿ ಹೊರಡುವ ಅಗ್ಗದ ಖಾಸಗಿ ಬಸ್ಸಿನಲ್ಲಿ ಎ.ಸಿ. ಸ್ಲೀಪರ್ ಕಾಯ್ದಿರಿಸಿ, ಎರಡು ಗಂಟೆ ರಸ್ತೆಬದಿಯಲ್ಲಿ ಕಾದ ಮೇಲೆ ಎ.ಸಿ. ಕೆಟ್ಟ ಬಸ್ಸು ಬಂದಾಗ, ಫೋನಿನಲ್ಲಿ ಜಗಳವಾಡಿ ಸುಮ್ಮನಾಗುವುದು ನಮ್ಮಲ್ಲಿ ರೂಢಿಯಾಗಿದೆ. ಕಳೆದ ಬೇಸಿಗೆಯಲ್ಲಿ ನಾನೂ ಹಾಗೆಯೇ ಮಾಡಿ ಹಣ ಕಳೆದುಕೊಂಡೆ. ನನ್ನ ಬರ್ತಿನ ಮೇಲಿನ ಗಾಳಿಕಿಂಡಿಗೆ ಹಳೆಯ ಪತ್ರಿಕೆಯ ಹಾಳೆ ತುರುಕಿದ್ದರು. ಅದರ ಒಂದು ಫೋಟೊ ತೆಗೆದಿದ್ದರೆ ಸಾಕಿತ್ತು.

ಆದ್ದರಿಂದ ಟಿಕೆಟಿನ ಸಂದೇಶವನ್ನು ಅಳಿಸಬೇಡಿ, ಬಸ್ಸು ಬಂದೊಡನೆ ನಂಬರ್ ಪ್ಲೇಟಿನ ಫೋಟೊ ತೆಗೆಯಿರಿ, ಬಂದ ಸಮಯವನ್ನು ಬರೆದಿಟ್ಟುಕೊಳ್ಳಿ. ಅನಂತರ ಬಸ್ ಕಂಪನಿಗೂ ಟಿಕೆಟ್ ಮಾರಿದ ಆ್ಯಪಿನವರಿಗೂ ಇ-ಮೇಲ್ ಮೂಲಕವೇ ದೂರು ಬರೆಯಿರಿ. ಬಾಯಿಮಾತಿನ ದೂರಿಗೆ ಗುರುತು ಉಳಿಯುವುದಿಲ್ಲ. ಎಷ್ಟು ಹಣ ಮರಳಬೇಕೆಂಬುದನ್ನು ಅದರಲ್ಲಿ ಸ್ಪಷ್ಟವಾಗಿ ನಮೂದಿಸಿ.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು. ಸಹಾಯವಾಣಿ ರಾಜಿಗೆ ಯತ್ನಿಸುತ್ತದೆಯೇ ಹೊರತು ಆದೇಶ ಹೊರಡಿಸಲಾರದು.

ಆದೇಶ ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿದ್ದರೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು ಎಂಬುದು ನಮ್ಮಂತಹ ದೂರದ ಊರಿನವರಿಗೆ ನಿಜಕ್ಕೂ ದೊಡ್ಡ ಆಸರೆ. ವಕೀಲರು ಕಡ್ಡಾಯವಲ್ಲ, ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಘಟನೆ ನಡೆದ 2 ವರ್ಷಗಳೊಳಗೆ ದೂರು ಸಲ್ಲಿಸಿರಬೇಕು.