ಹಳೇ ಬ್ಯಾರಲ್‌ನಿಂದ ಡಬಲ್ ರಿಂಗ್: ನಮ್ಮ ಕಾಲೇಜಿನ ಅನುಭವ

ಲ್ಯಾಬ್ ಇಲ್ಲದ ಸಣ್ಣ ಖಾಸಗಿ ಕಾಲೇಜಿನಲ್ಲಿ ಮಣ್ಣು-ನೀರು ಸಂರಕ್ಷಣೆ ಅಂದರೆ ನೋಟ್ಸ್ ಬರೆಸುವುದಷ್ಟೇ ಅಂದವರು ಬಹಳ ಮಂದಿ. ಈಗ ನಾವೇ ಮಾಡಿದ ಡಬಲ್ ರಿಂಗ್ (ಒಂದರೊಳಗೊಂದು ನೆಲಕ್ಕೆ ಇಳಿಸುವ ಎರಡು ಬಳೆ; ಒಳಗೆ ನೀರು ಹೊಯ್ದು, ಮಣ್ಣಿಗೆ ಅದು ಎಷ್ಟು ಬೇಗ ಇಂಗುತ್ತದೆಂದು ಅಳೆಯುವ ಸಾಧನ) ಇಟ್ಟು, ಶಿರಸಿ ಕಡೆಯ ಸೊಪ್ಪಿನಬೆಟ್ಟಗಳಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು, ತರಗು ತರುವ ಕಾಡುಬೆಟ್ಟ) ಇಂಗುಗುಂಡಿಗೆ ಜಾಗ ಗುರುತಿಸಿ ಕೊಡುತ್ತಿದ್ದೇವೆ.

ರೆಡಿಮೇಡ್ ಸೆಟ್‌ಗೆ ಮೂವತ್ತು ಸಾವಿರದ ಆಸುಪಾಸು ಕೇಳಿದರು. ನಮ್ಮದು ಹಾಳಾದದ್ದೂ ಸೇರಿ ನಾಲ್ಕು ಸಾವಿರ ದಾಟಿಲ್ಲ. 200 ಲೀಟರಿನ ಎಣ್ಣೆ ಬ್ಯಾರಲ್‌ನ ಒಳವ್ಯಾಸ 57 ಸೆಂ.ಮೀ. ಹೊರ ರಿಂಗ್‌ಗೆ ಧಾರಾಳ ಸಾಕು. ಒಳಗಿನದು 30 ಸೆಂ.ಮೀ., ವೆಲ್ಡಿಂಗ್ ಶೆಡ್‌ನಲ್ಲಿ 3 ಎಂಎಂ ಶೀಟು ಸುತ್ತಿಸಿದ್ದು. ಬ್ಯಾರಲ್ ಚೆನ್ನಾಗಿ ತೊಳೆಯದೆ ಕಟರ್ ಹಿಡಿಸಬೇಡಿ, ಒಳಗಿನ ಆವಿ ಸಿಡಿಯುತ್ತದೆ.

ಒಂದು ಬ್ಯಾರಲ್‌ಗೆ ಮೂರು ರಿಂಗ್. ಮೊದಲಿನ ಎರಡು ಹಾಳಾದವು: ತಗಡು ಒಂದು ಎಂಎಂ ಚಿಲ್ಲರೆ ದಪ್ಪ, ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಹರಳು ಸಿಕ್ಕಲ್ಲೆಲ್ಲ ಅಂಚು ಮಡಚಿಕೊಂಡಿತು. ಬ್ಯಾರಲ್‌ನ ಉಬ್ಬುಗೆರೆ ರಿಂಗ್‌ನ ಮೇಲ್ಭಾಗಕ್ಕೆ ಬರುವಂತೆ ಕತ್ತರಿಸಿ, ಕೆಳಗಿನ ಅಂಚನ್ನು ಹೊರಗಡೆಯಿಂದ ಮಾತ್ರ ಗ್ರೈಂಡ್ ಮಾಡಿಸಿದ ಮೇಲೆ ತಡೆಯಿತು. ಅಡ್ಡ ಹಲಗೆ ಇಟ್ಟು, ಅದನ್ನು ತಿರುಗಿಸುತ್ತ ಸುತ್ತಿಗೆಯಲ್ಲಿ ಹೊಡೆಯಬೇಕು. ಒಂದೇ ಕಡೆ ಹೊಡೆದರೆ ರಿಂಗ್ ಅಲುಗಿ ಸಂದು ಬೀಳುತ್ತದೆ, ನೀರೆಲ್ಲ ಆ ಸಂದಿಗೇ ಹೋಗುತ್ತದೆ. ಹತ್ತು ಸೆಂ.ಮೀ. ಇಳಿದರೆ ಸಾಕು.

ನೀರನ್ನು ಗೋಣಿಚೀಲದ ತುಂಡಿನ ಮೇಲೆ ಹೊಯ್ಯಿರಿ. ನೇರ ಹೊಯ್ದರೆ ಮಣ್ಣು ಕದಡಿ, ಮೇಲ್ಪದರ ಕಟ್ಟಿಕೊಂಡು ಲೆಕ್ಕ ಕೆಡುತ್ತದೆ. ಕೆರೆಯ ಕೆಂಪು ನೀರೂ ಬೇಡ. ಎರಡೂ ರಿಂಗ್‌ನಲ್ಲಿ ಮಟ್ಟ ಒಂದೇ ಇರಲಿ, ಹೊರಗೆ ತಗ್ಗಿದರೆ ಒಳಗಿನದು ಪಕ್ಕಕ್ಕೆ ಸರಿಯುತ್ತದೆ. ಮೊದಲ ಅರ್ಧ ಗಂಟೆಯ ಲೆಕ್ಕ ನಂಬಬೇಡಿ. ಹತ್ತು ನಿಮಿಷಕ್ಕೊಮ್ಮೆ ಅಳೆದು, ಮೂರು ಸಲ ಸತತ ಒಂದೇ ಬಂದರೆ ಮುಗಿಯಿತು, ಎರಡು ಗಂಟೆ ಹಿಡಿಯುತ್ತದೆ. ಒಳ ರಿಂಗ್‌ನಲ್ಲಿ ಮಟ್ಟ ಒಂದು ಸೆಂ.ಮೀ. ಇಳಿಯಿತು ಅಂದರೆ ಸುಮಾರು 700 ಮಿ.ಲೀ. ನೀರು ಇಂಗಿದಂತೆ. ಗೆದ್ದಲಿನ ದಾರಿ ಸಿಕ್ಕಿತೋ, ನೀರು ನಿಮಿಷದಲ್ಲಿ ಮಾಯ. ಅಲ್ಲಿಂದ ಎರಡು ಮಾರು ಆಚೆ ಹೋಗಿ.

ಮಟ್ಟ ತಾನಾಗಿ ನಿಲ್ಲಲು ಬೋರಲು ಹಾಕಿದ ಕ್ಯಾನ್ ಬಳಸುತ್ತೇವೆ. ಅದರ ಕೊಳವೆಯ ಅಳತೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ ಮುಗಿಯುವ ತನಕ ಹೇಳುವಂತಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆವು. ಒಂದೇ ಬೆಟ್ಟದಲ್ಲಿ ತರಗೆಲೆ ಗುಡಿಸಿ ಒಯ್ದಲ್ಲಿ ಗಂಟೆಗೆ ನಾಲ್ಕು ಸೆಂ.ಮೀ. ಹತ್ತಿರ ಇಂಗಿದರೆ, ತರಗು ಬಿಟ್ಟಲ್ಲಿ ಹತ್ತು ದಾಟಿತು. ದನ ತುಳಿದ ದಾರಿಯಲ್ಲಿ ಒಂದೂ ಇಲ್ಲ. ಹಾಗಾಗಿ ದನದ ದಾರಿಯಲ್ಲೇ ಗುಂಡಿ ತೋಡುವುದು ದುಡ್ಡು ದಂಡ. ಅಲ್ಲಿಂದ ಹರಿದು ಬರುವ ನೀರಿಗೆ ಕೆಳಗಡೆ, ತರಗು ಹೊದ್ದ ಮಣ್ಣು ಶುರುವಾಗುವ ಕಡೆ ತೋಡಿಸುತ್ತಿದ್ದೇವೆ.